ಗೇಟಿನ ಹೆಂಗಸರ ತೂಕ

ಜೂನ್ 3, 2019

ಬೆಳಿಗ್ಗೆ ಏಳಕ್ಕೆ ಗೇಟು. ಬ್ಯಾಗು ತೆರೆಸು, ನೋಡು, ಬಿಡು. ಪರರಾಜ್ಯದ ಈ ಮಾದಾಪುರದ ಇಷ್ಟು ದೊಡ್ಡ ಗಾಜಿನ ಕಟ್ಟಡಕ್ಕೆ ಹೆಂಗಸರ ತಪಾಸಣೆಗೆ ನಾನು, ನನ್ನ ರೂಮಿನವಳೇ ಆದ ಹಂಪಮ್ಮ, ಇನ್ನು ನಾಲ್ವರು. ಆರು ವರ್ಷದಿಂದ ದಿನಕ್ಕೆ ಹನ್ನೆರಡು ತಾಸು ಸ್ಟೂಲು. ಅನ್ನ, ನೀರು ಸಾರು. ನಡುವೆ ಚಹಾ, ಬಿಸ್ಕೀಟು.

ಸೆಕ್ಯುರಿಟಿ ಏಜೆನ್ಸಿಯ ಸೂಪರ್‌ವೈಸರ್ ಕಾಶಿನಾಥ ತೂಕದ ಯಂತ್ರ ತಂದಿಟ್ಟ. ನಮ್ಮ ಕಡೆಯವನೇ. ಅದಕ್ಕೇ ಸಲಿಗೆ ಜಾಸ್ತಿ.

"ಗೇಟಿನ್ಯಾಗ ಹೆಂಗಸರ ಹೊಟ್ಟಿ ಚಂದ ಕಾಣವಲ್ದು ಅಂತಾರ ಈ ಕಟ್ಟಡದ ಕ್ಲೈಂಟು. ಆಗಸ್ಟ್ ಒಂದಕ್ಕ ತೂಕ ಇಳಿದಿರಬೇಕು. ಇಲ್ಲಂದ್ರ ಕೆಲಸ ಇಲ್ಲ."

"ನಿಮ್ಮ ಹೊಟ್ಟಿ ನೋಡಿಲ್ಲೇನ್ರಿ ಅವರು?" ಹಂಪಮ್ಮ ಕೇಳಿದಳು.

"ನಾ ಗೇಟಿನ್ಯಾಗ ನಿಲ್ಲಂಗಿಲ್ಲಲ್ಲ, ಯವ್ವಾ."

ಜೂನ್ 14

ಇಬ್ಬರೂ ಮಧ್ಯಾಹ್ನದ ಊಟ ಬಿಟ್ಟಿದ್ದೇವೆ. ಹಂಪಮ್ಮ ರಾತ್ರಿಯದನ್ನೂ ಬಿಟ್ಟಳು. ಊರಲ್ಲಿ ಕೂಳಿಲ್ಲದೆ ಹಸಿದೆವು. ಇಲ್ಲಿ ಕೂಳು ಎದುರಿಗಿಟ್ಟುಕೊಂಡು ಹಸಿಯುತ್ತಿದ್ದೇವೆ.

ಜುಲೈ 2

ತೂಕ ಇಳಿದಿದೆ. ಕಾಶಿನಾಥ ಎಲ್ಲರಿಂದ ಚಪ್ಪಾಳೆ ಹೊಡೆಸಿದ. ಸಂಜೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಯಾರೋ ಕೈ ಹಿಡಿದು ಎಳೆದುಕೊಂಡರು. ಹೊಟ್ಟೆ ಇದ್ದಲ್ಲೇ ಇದೆ... ತೊಡೆ ಮಾತ್ರ ಜೋತುಬಿದ್ದಿದೆ.

ಜುಲೈ 5

ನಾವಿರುವ ಬಸ್ತಿಯ ಸರ್ಕಾರಿ ದವಾಖಾನೆ. ಡಾಕ್ಟರು ಲಹರಿ, ಬೀದರಿನವರು. ಸಕ್ಕರೆ ಏರಿದೆ, ಬಿಪಿ ಏರಿದೆ, ರಕ್ತದಲ್ಲಿ ಕೊಬ್ಬು ಏರಿದೆ. ಕೈ ಊರದೆ ಕುರ್ಚಿಯಿಂದ ಏಳ್ರಿ ಅಂದರು. ಆಗಲಿಲ್ಲ.

"ನೀವು ಇಳಿಸಿದ್ದು ಬರೇ ಬೊಜ್ಜಲ್ಲರಿ. ಮಾಂಸಖಂಡ ಕಳ್ಕೊಂಡೀರಿ. ಉಂಡ ಸಕ್ಕರಿ ಎಳಕೊಳ್ಳೋದೇ ಅದು. ಅದು ಕರಗಿದ್ರ ಸಕ್ಕರಿ ರಕ್ತದಾಗೇ ನಿಲ್ತದ. ಮೊಟ್ಟಿ ತಿನ್ರಿ, ಬ್ಯಾಳಿ ತಿನ್ರಿ. ಭಾರ ಎತ್ರಿ. ತೂಕ ನೋಡೋದು ಬಿಡ್ರಿ."

ಮೊಟ್ಟೆ. ರೂಮಿನೊಳಗೆ ಅದರ ಸಿಪ್ಪೆಯೂ ಬರಕೂಡದು ಅಂದಿದ್ದಾನೆ ಮನೆ ಮಾಲೀಕ. ನಮ್ಮ ಜಾತಿಯ ಮೇಲೆ ಅವನಿಗೆ ಅನುಮಾನ. ಮೊಟ್ಟೆ ಕಂಡರೆ ಖಾತ್ರಿಯಾಗುತ್ತದೆ. ಬೀದಿಯ ಬಂಡಿಯಲ್ಲಿ ಬೇಯಿಸಿದ್ದು ಕೊಂಡು ಅಲ್ಲೇ ನಿಂತು ತಿಂದೆ. ಜೊತೆಗಿದ್ದ ಹಂಪಮ್ಮನಿಗೂ ಕೊಡಹೋದೆ.

"ಆಗಸ್ಟ್ ಒಂದು ಮುಗೀಲಕ್ಕ, ಆಮ್ಯಾಲ ತಿಂತೀನಿ."

ಜುಲೈ 19

ದಿನಾ ನೀರಿನ ಕೊಡ ಎತ್ತಿ ಇಳಿಸುತ್ತೇನೆ. ಸ್ಟೂಲಿನಿಂದ ಎದ್ದು ಕೂರುತ್ತೇನೆ. ಮೈಯಲ್ಲಿ ಕಸುವು ಬರುತ್ತಿದೆ. ತೂಕವೂ ಮತ್ತೆ ಏರಿದೆ. ಕಾಶಿನಾಥನ ಮೋರೆ ಕಪ್ಪು.

ಜುಲೈ 26

ಹಂಪಮ್ಮ ಗೇಟಿನಲ್ಲೇ ಬಿದ್ದಳು, ಯಾರದೋ ಬ್ಯಾಗು ಎತ್ತಿಕೊಡುವಾಗ. ಬಲಗೈ ಮಣಿಕಟ್ಟು ಮುರಿದಿದೆ. ಎಲ್ಲರಿಗಿಂತ ಹೆಚ್ಚು ತೂಕ ಇಳಿಸಿದವಳು ಅವಳೇ. ಕೈಗೆ ಪಟ್ಟಿ ಕಟ್ಟಿಕೊಂಡವಳು ತಪಾಸಣೆ ಮಾಡಲಾರಳಂತೆ — ಕೆಲಸದಿಂದ ತೆಗೆದರು. ದವಾಖಾನೆಗೆ ಕರೆದೊಯ್ಯಲು ಗಾಡಿಯೂ ಕೊಡಲಿಲ್ಲ.

ಆಗಸ್ಟ್ 1

ಯಂತ್ರ ಹತ್ತಲಿಲ್ಲ. ಕುರ್ಚಿ ಎಳೆದುಕೊಂಡು ಕಾಶಿನಾಥನ ಎದುರೇ ಕುಳಿತೆ. ಕೈ ಕಟ್ಟಿಕೊಂಡು ಎದ್ದೆ. ಮತ್ತೆ ಕೂತೆ. ಎದ್ದೆ.

"ಪರೀಕ್ಷಾ ಅಂದ್ರ ಇದು. ಈಗ ನೀವು ಏಳ್ರಿ, ಸಾಹೇಬ್ರ."

ಕೂತ. ಮುಂದಕ್ಕೆ ಹಿಂದಕ್ಕೆ ತೂಗಾಡಿದ. ಕೊನೆಗೆ ಟೇಬಲ್ಲು ಹಿಡಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ನಿಮ್ಮ ಮಾಂಸಖಂಡನೂ ಕರಗ್ಯಾವ್ರಿ. ಸಕ್ಕರಿ ನೋಡಿಸ್ಕೊರಿ." ಕುಹಕಕ್ಕೆ ಹೇಳಿದ್ದಲ್ಲ.

ನನ್ನನ್ನೂ ತೆಗೆದ.

ಆಗಸ್ಟ್ 3, ಸಂಜೆ

ಬೇಗಂ ಬಜಾರಿನ ಕಾಳಿನ ಅಂಗಡಿಗಳಿಗೆ ಹೋಗಿದ್ದೆ. ಕಾಳು ಹಸನು ಮಾಡುವ ಕೆಲಸ ಕೇಳಿದೆ. ವಯಸ್ಸಾಯಿತು ಅಂದರು. ಅಲ್ಲಿಗೆ ನನಗಿರುವುದು ಆ ಗೇಟೊಂದೇ.

ಉಳಿದ ನಾಲ್ವರೂ ನಿನ್ನೆ ಯಂತ್ರ ಹತ್ತಲಿಲ್ಲವಂತೆ. ಇವತ್ತು ಕೆಲಸಕ್ಕೂ ಹೋಗಲಿಲ್ಲ. ಗೇಟಿನ ಸಾಲು ರಸ್ತೆಗೆ ಬಂದಿತ್ತಂತೆ. ಕಾಶಿನಾಥ ಫೋನು ಮಾಡಿದ.

"ಉಮಾಶ್ರೀ, ನಾಳಿ ಬಾ. ನೀ ಬಂದ್ರ ಅವರೂ ಬರ್ತಾರ. ತೂಕದ ಮಾತು ಬಿಡೂಣು. ಹಂಪಮ್ಮ ಬ್ಯಾಡ. ಕೈ ಮುರಿದಾಕಿ ಏನ್ ಮಾಡ್ತಾಳ?"

"ಆಕಿ ಕೈ ಎಲ್ಲಿ ಮುರೀತ್ರಿ?"

ಫೋನು ಇಟ್ಟುಬಿಟ್ಟ.

ಹಂಪಮ್ಮ ಎದುರಿಗೇ ಕೂತು ಎಡಗೈಯಲ್ಲಿ ಅನ್ನ ಕಲಸುತ್ತಿದ್ದಾಳೆ. "ಹೋಗಕ್ಕ ನೀ, ನನಗ ಬ್ಯಾಸರಿಲ್ಲ" ಅನ್ನುತ್ತಾಳೆ, ನನ್ನ ಮುಖ ನೋಡದೆ. ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ಅವನೇ. ಎತ್ತಿ ಹೇಳಬೇಕು — ಬಂದರೆ ಇಬ್ಬರೂ, ಇಲ್ಲದಿದ್ದರೆ ಯಾರೂ ಇಲ್ಲ.