ಅಮ್ಮನನ್ನು ಕರೆಸಿ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ,

ಏಳನೇ ತರಗತಿಯಲ್ಲಿ ಕುರ್ಚಿ ಎಸೆದಳು ಅಂತ, ಆನ್‌ಲೈನ್ ಪಾಠ ಕೇಳಲು ನೀವು ಮನೆಗೆ ಕಳಿಸಿದ ಹುಡುಗಿಯ ಅಕ್ಕ ನಾನು. ತಂಗಿ ಈಗ ಚೆನ್ನಾಗಿ ಓದುತ್ತಿದ್ದಾಳೆ.

ಪಾಠದ ಹೊತ್ತಿಗೆ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು ಅಂತ ನೀವು ಹೇಳಿದ್ದಿರಲ್ಲ, ಅದಕ್ಕೆ ಅಮ್ಮ ಆಸ್ಪತ್ರೆಯ ಕೆಲಸವನ್ನು ರಾತ್ರಿ ಪಾಳಿಗೆ ಹಾಕಿಸಿಕೊಂಡಿದ್ದಾರೆ. ಹಗಲೆಲ್ಲ ಅವಳ ಪಕ್ಕದಲ್ಲೇ ಕೂರುತ್ತಾರೆ. ಒಂದು ಲೆಕ್ಕ ಸರಿಯಾದರೆ ಸಾಕು, ತಲೆ ಸವರುತ್ತಾರಂತೆ. ತಂಗಿಯೇ ಬಾಯಿ ತುಂಬ ಹೇಳಿಕೊಳ್ಳುತ್ತಾಳೆ.

ನಾನು ಶಾಲೆ, ಟ್ಯೂಷನ್ ಮುಗಿಸಿ ಬರುವಾಗ ಅಮ್ಮ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿರುತ್ತಾರೆ. ಮೊನ್ನೆ ವಿಜ್ಞಾನದಲ್ಲಿ ತರಗತಿಗೇ ಮೊದಲಿಗಳಾದದ್ದನ್ನು ಬಾಗಿಲಲ್ಲೇ ಹೇಳಿದೆ. "ನಿನ್ನ ಚಿಂತೆ ನನಗಿಲ್ಲ ಬಿಡು, ಬಂಗಾರಿ" ಅಂತ ಹೊರಟೇಬಿಟ್ಟರು.

ಇವತ್ತು ಗಣಿತದ ಪಾಠ ನಡೆಯುವಾಗ ನಾನು ಎದ್ದು ನಿಂತು ಬೆಂಚು ಉರುಳಿಸಿದೆ. ಮೇಷ್ಟ್ರು ಓಡಿ ಬಂದು, "ತಲೆ ಸುತ್ತು ಬಂತೇನಮ್ಮಾ?" ಅಂತ ನೀರು ಕುಡಿಸಿದರು. "ಬೆಂಚು ತಳ್ಳಿದ್ದು ನೀವೇ ಇರಬೇಕು" ಅಂತ ಹಿಂದೆ ಕೂತವರಿಗೆ ಬೈದರು.

ತಲೆ ಸುತ್ತಿರಲಿಲ್ಲ, ಮೇಡಂ. ಹೊಟ್ಟೆಕಿಚ್ಚಿಗೆ ನಾನೇ ಬೇಕಂತಲೇ ಉರುಳಿಸಿದ್ದು. ದಯವಿಟ್ಟು ನನ್ನನ್ನೂ ಮನೆಗೆ ಕಳಿಸಿ. ಅದಾಗದಿದ್ದರೆ, ದೂರು ಹೇಳಲಿಕ್ಕಾದರೂ ಅಮ್ಮನನ್ನು ಕರೆಸಿ. ತಂಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಒಬ್ಬರೇ ಬರಬೇಕು ಅಂತ ಹೇಳಿ. ನಿಮ್ಮ ಕೋಣೆಯ ಹೊರಗೆ ನಮ್ಮಿಬ್ಬರನ್ನು ತುಂಬಾ ಹೊತ್ತು ಕಾಯಿಸಿದರೂ ಪರವಾಗಿಲ್ಲ.

ಇತಿ,
ನಿಮ್ಮ ವಿಧೇಯ ವಿದ್ಯಾರ್ಥಿನಿ,
ಒಂಬತ್ತನೇ ತರಗತಿಯ ಲೀಡರ್