ಇಳಿಜಾರಿನಲ್ಲಿ ಇಂಜಿನ್ ಆರಿಸುವುದಿಲ್ಲ, ಮೌಲಾ

ವಯಸ್ಸಿನಲ್ಲಿ ಕಿರಿಯನಾದರೂ ನನ್ನಿಂದ ಉಸ್ತಾದ್ ಅನ್ನಿಸಿಕೊಂಡ ಮೌಲಾಸಾಬನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಮಣ್ಣಿನಲ್ಲಿ ಮಲಗಿದವನಿಗೆ ಎಂಥ ಕ್ಷೇಮ? ಸಾಲಿ ಬೇಗ ಬಿಟ್ಟವನು ನಾನು, ಅಕ್ಷರ ಸೊಟ್ಟಗಿರುತ್ತವೆ. ಬೈಗುಳ ಮಾತ್ರ ನೆಟ್ಟಗಿರುತ್ತದೆ. ನೀನಿದ್ದಾಗ ಬಾಯಿಗೆ ಬಂದದ್ದನ್ನು ನುಂಗಿದೆ. ಈಗ ಹೇಳುತ್ತೇನೆ, ಕೇಳು. ನಡುವೆ ಎದ್ದು ಹೋಗುವ ಹಾಗಿಲ್ಲ ನೀನು.

ನಿನ್ನ ಬಸ್ಸು ಕೊಪ್ಪಳ ಸ್ಟೇಶನ್ನಿನ ಮುಂದೆ ಮೊದಲ ಸಲ ಬಂದು ನಿಂತದ್ದು ನೆನಪಿದೆಯೇ? ನನ್ನ ಟಾಂಗಾ ಅಲ್ಲೇ ಬೇವಿನ ಮರದ ಕೆಳಗಿತ್ತು. ರೈಲು ಇಳಿದ ಹಿಟ್ನಾಳದ ಮಂದಿ, ಬುದ್ಧಿ ತಿಳಿದಾಗಿನಿಂದ ನನ್ನ ಟಾಂಗಾದಲ್ಲೇ ಊರಿಗೆ ಹೋದವರು, ನನ್ನ ಮುಖ ಸಹ ನೋಡದೆ ನಿನ್ನ ಬಸ್ಸು ಹತ್ತಿದರು. ನೀನು ಹಾರ್ನ್ ಒತ್ತಿದೆ. ನನ್ನ ಕುದುರೆ ಬೆದರಿ ಹಿಂದಕ್ಕೆ ಸರಿಯಿತು. "ಕಾಕಾ, ಕುದುರಿ ಗಟ್ಟಿ ಹಿಡ್ಕೋರಿ, ಇಲ್ಲಾಂದ್ರ ಅದೂ ಬಸ್ ಹತ್ತಿಬಿಡ್ತೈತಿ!" ಅಂತ ನೀನು ಕೂಗಿದೆ. ಮಂದಿಯೆಲ್ಲ ನಕ್ಕರು. ಆ ನಗು ನನಗೆ ಇನ್ನೂ... ಇರಲಿ. ಟಾಂಗಾಕ್ಕೆ ಗಿರಾಕಿ ಇಲ್ಲದಾಯಿತು, ಕುದುರೆ ಮಾರಿದೆ. ಹೊಟ್ಟೆ ಸುಮ್ಮನಿರುತ್ತದೆಯೇ? ತಲೆ ಬೆಳ್ಳಗಾದ ಮೇಲೆ ನಿನ್ನ ಬಸ್ಸಿಗೇ ಕ್ಲೀನರ್ ಆಗಿ ಸೇರಿದೆ.

ಸೇರಿದ ದಿನವೇ ನೀನು ರಿವಾಜು ಹೇಳಿದೆ. ಕಲಿಯುವವನು ಮುದುಕನಾದರೂ ಕಲಿಸುವವನು ಉಸ್ತಾದ್. ಬಸ್ಸು ತೊಳೆಯಬೇಕು, ಬೀಡಿ ಹಚ್ಚಿ ಕೊಡಬೇಕು. ಲೈಸನ್ಸ್ ಸಿಕ್ಕ ದಿನ ಉಸ್ತಾದನ ತಲೆಗೆ ಹೊಸ ರುಮಾಲು ಸುತ್ತಬೇಕು. ಸಣ್ಣವನಿದ್ದಾಗ ನನ್ನ ಟಾಂಗಾದ ಹಿಂದೆ ಜೋತುಬಿದ್ದು ಬೆನ್ನಿಗೆ ಚಾಟಿ ತಿಂದವನಲ್ಲವೇ ನೀನು? ಅಂಥವನಿಗೆ ನಾನು ಉಸ್ತಾದ್ ಅನ್ನಬೇಕು! ಆದರೂ ಉಸ್ತಾದ್ ಅಂದೆ. ಬೀಡಿಯನ್ನೂ ಹಚ್ಚಿದೆ. ಬಜಾರಿನಲ್ಲಿ ಕೇಸರಿ ಬಣ್ಣದ ರುಮಾಲನ್ನೂ ತಂದು ಪೆಟ್ಟಿಗೆಯಲ್ಲಿಟ್ಟೆ. ಲೈಸನ್ಸ್ ಇಲ್ಲದಿದ್ದರೆ ಸಾಯುವತನಕ ಇನ್ನೊಬ್ಬರ ಬಸ್ಸು ತೊಳೆಯುವುದೇ ನನ್ನ ಹಣೆಬರಹ ಅಂತ ತಿಳಿದಿತ್ತು.

ಹಿಟ್ನಾಳಕ್ಕೆ ಮುಂಚಿನ ಆ ಇಳಿಜಾರಿನಲ್ಲಿ ನೀನು ಮೊದಲ ಸಲ ಇಂಜಿನ್ ಆರಿಸಿದಾಗ ನಾನು ಏನಂದೆ, ಹೇಳು ನೋಡೋಣ? ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸಿನ ಸಾವ್ಕಾರ ಅಳೆದು ಹಾಕಿಸುತ್ತಿದ್ದ. ಅದಕ್ಕೆ ಇಳಿಜಾರು ಬಂತೆಂದರೆ ನೀನು ಗೇರು ಬಿಡಿಸಿ ಇಂಜಿನ್ ಬಂದ್ ಮಾಡಿಬಿಡುತ್ತಿದ್ದೆ. ಬಸ್ಸು ಸದ್ದಿಲ್ಲದೆ ಜಾರುತ್ತಿತ್ತು. ಅಲ್ಲಿಯತನಕ ಗದ್ದಲಕ್ಕೆ ಬಾಯಿ ಮುಚ್ಚಿದ್ದ ಹೆಂಗಸರು ಅಲ್ಲಿ ಮಾತು ಶುರು ಮಾಡುತ್ತಿದ್ದರು. "ಇಳಕಲನ್ಯಾಗ ಲಗಾಮು ಬಿಟ್ಟಂಗಾತಲ್ಲೋ ಇದು! ಯಾವ ಶಾಣ್ಯಾ ಹಿಂಗ ಮಾಡ್ತಾನ?" ಅಂತ ನಾನು ಚೀರಿದೆ.

"ಇದು ಕುದುರಿ ಅಲ್ಲ ಕಾಕಾ," ಅಂದೆ ನೀನು. "ಕೆಳಗ ಹೋದ ಮ್ಯಾಲೆ ಗೇರಿಗೆ ಹಾಕಿ ಕ್ಲಚ್ ಬಿಡ್ರಿ, ತಾನಾ ಎದ್ದು ಕುಂದರ್ತೈತಿ. ನಾ ಹೇಳಿದಂಗ ಮಾಡ್ರಿ, ಇಲ್ಲಾಂದ್ರ ಕೆಳಗಿಳೀರಿ."

ಸ್ಟೇರಿಂಗ್ ನನ್ನ ಕೈಗೆ ಕೊಟ್ಟಾಗ ಹಾಗೇ ಮಾಡಿದೆ. ನೀನು ಕಲಿಸಿದಂತೆಯೇ, ಕೈಗೆ ರೂಢಿ ಹತ್ತುವಷ್ಟು.

ರಾಯಚೂರಿನಿಂದ ಸಾಹೇಬರು ನನ್ನ ಲೈಸನ್ಸ್ ಪರೀಕ್ಷೆಗೆ ಬಂದ ದಿನ ನೀನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದೆ. ಸಾಹೇಬರು ನನ್ನ ಮಗ್ಗುಲಿಗೆ, ನೀನು ಹಿಂದೆ. ಊರು ದಾಟಿಸಿದೆ, ಎತ್ತಿನ ಬಂಡಿಗೆ ದಾರಿ ಬಿಟ್ಟೆ, ಏರಿನಲ್ಲಿ ಗೇರು ಬದಲಿಸಿದೆ. "ಛಲೋ ಹೊಡಿತಾನ ಬುಡ್ಡಾ," ಅಂದರು. ಆಮೇಲೆ ಇಳಿಜಾರು ಬಂತು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ, ಇಂಜಿನ್ ಬಂದ್ ಮಾಡಿತು. ಸಾಹೇಬರು ಸೀಟು ಅವಚಿಕೊಂಡು, "ಏ! ಏ! ಏನ್ ಮಾಡಿದಿ?" ಅಂತ ಒದರಿದರು. ಬಸ್ಸು ನಿಂತ ಮೇಲೆ ನಿನ್ನ ಕಡೆ ತಿರುಗಿದರು.

"ಇದನ್ನ ನೀನಾ ಕಲಿಸಿದ್ದೇನು?"

"ತೋಬಾ ತೋಬಾ ಹುಜೂರ್! ನೂರು ಸಲ ಹೇಳೀನ್ರಿ. ಟಾಂಗಾ ಹೊಡದ ಮುದುಕ, ಹಳೇ ಚಾಳಿ ಬಿಡವಲ್ಲ."

ಟಾಂಗಾದ ಚಾಳಿ! ಇಳಿಜಾರಿನಲ್ಲಿ ಲಗಾಮು ಸಡಿಲ ಬಿಟ್ಟ ಟಾಂಗಾದವನನ್ನು ಎಲ್ಲಿ ಕಂಡಿದ್ದೆಯೋ ನೀನು? ನಾನು ಬಾಯಿ ಬಿಟ್ಟಿದ್ದರೆ ನಿನ್ನ ಲೈಸನ್ಸೂ ಅಲ್ಲೇ ಹೋಗುತ್ತಿತ್ತು. ಮನೆಯಲ್ಲಿ ನಿನಗೆ ಹೆಂಡತಿ ಇದ್ದಳು. ಸುಮ್ಮನಾದೆ. ಸಾಹೇಬರು "ಮುಂದಿನ ವರ್ಷ ಬಾ" ಅಂದು ಹೋದರು. ನೀನು ಹೋಟೆಲಿನಲ್ಲಿ ಮಿರ್ಚಿ ಭಜಿ ತರಿಸಿ, "ತಿನ್ರಿ ಕಾಕಾ, ಸಿಟ್ಟ್ಯಾಕ?" ಅಂದೆ. ತಾಟು ಚರಂಡಿಗೆ ಎಸೆದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ಮರುದಿನ ನೀನು ಮಾಡಿದ್ದು ಮಾತ್ರ... ಅದೇ ಇಳಿಜಾರು, ಅದೇ ಬಸ್ಸು, ನಾನು ಬಾಗಿಲಲ್ಲಿ ನಿಂತಿದ್ದೇನೆ. ನೀನು ಇಂಜಿನ್ ಬಂದ್ ಮಾಡಿದೆ! ಒಂದು ದಿನವಾದರೂ ಬಿಡಬಾರದಿತ್ತೇ? ನಾಚಿಕೆಗಾದರೂ?

ಆ ವರ್ಷ ದಾಟುವ ಮುಂಚೆ ಜ್ವರ ಹತ್ತಿ ಹೋಗಿಬಿಟ್ಟೆ ನೀನು. ಬೈಯಬೇಕೆಂದು ಕೂಡಿಟ್ಟದ್ದೆಲ್ಲ ನನ್ನ ಗಂಟಲಿನಲ್ಲೇ ಉಳಿಯಿತು. ಮಣ್ಣು ಹಾಕಲು ಬಂದಿದ್ದೆ. ಅಳಲಿಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಈಗ ಹೇಳುತ್ತೇನೆ. ಅದೇ ಸಾಹೇಬರು ಮತ್ತೆ ಬಂದರು. ಅದೇ ಇಳಿಜಾರಿಗೆ ಕರೆದೊಯ್ದರು. ಸಣ್ಣ ಗೇರಿಗೆ ಹಾಕಿ, ಇಂಜಿನ್ ಗುರ್ ಅನ್ನಿಸುತ್ತ, ಕುದುರೆಯನ್ನು ಇಳಿಸುವಂತೆಯೇ ಬಸ್ಸನ್ನು ಬಿಗಿಹಿಡಿದು ಇಳಿಸಿದೆ. "ಉಸ್ತಾದ್ ಯಾರು?" ಅಂತ ಕೇಳಿದರು. "ಯಾರೂ ಇಲ್ರಿ," ಅಂದೆ. ಲೈಸನ್ಸ್ ಕೊಟ್ಟರು. ಆ ಕೇಸರಿ ರುಮಾಲನ್ನು ನನ್ನ ತಲೆಗೇ ಸುತ್ತಿಕೊಂಡೆ.

ಮೊನ್ನೆ ನಿನ್ನ ಹೆಂಡತಿ ಬೀಬಮ್ಮ ನಾನೀಗ ಹೊಡೆಯುವ ಬಸ್ಸಿಗೆ ಬಂದಳು, ನನ್ನ ಹಿಂದಿನ ಸೀಟಿಗೇ ಕೂತಳು. ಇಳಿಜಾರಿನಲ್ಲಿ ಇಂಜಿನ್ ಗುರುಗುಟ್ಟಿತು.

"ಇದೇನು ಗದ್ದಲ ಕಾಕಾ? ಅವರಿದ್ದಾಗ ಇಲ್ಲಿ ನಾಕು ಮಾತಾಡಾಕ ಬರ್ತಿತ್ತು."

"ಮಾತಾಡೋದಿದ್ರ ಮನ್ಯಾಗ ಮಾತಾಡ್ಕೋ. ನಿನ್ನ ಗಂಡ ಕಲಿಸಿದಂಗ ಇಳಿಸಿದ್ದಕ್ಕಾ ಒಂದು ವರ್ಷ ಕಳಕೊಂಡೀನಿ ನಾನು."

ಹಿಟ್ನಾಳ ಬಂತು. ಇಳಿಯುವಾಗ ಹೇಳಿದಳು: "ಗೊತ್ತೈತ್ರಿ. ಆವತ್ತು ಅವರು ಉಣ್ಣಲಿಲ್ಲ. ಕಾಕಾಗ ದಗಾ ಮಾಡೀನಿ ಅಂತ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ರು."

ಅವಳ ಮುಂದೆ ಯಾಕೆ ಹೇಳಿದೆಯೋ ಮೌಲಾ? ಹೇಳಬೇಕಾದ ಕಿವಿ ದಿನಾ ನಿನ್ನ ಬಸ್ಸಿನ ಬಾಗಿಲಲ್ಲೇ ನಿಂತಿರುತ್ತಿತ್ತಲ್ಲ. ಇಂಜಿನ್ ಆರಿಸಿದಾಗ ಅಲ್ಲಿ ಎಷ್ಟು ಸದ್ದಿಲ್ಲದೆ ಇರುತ್ತಿತ್ತು. ಒಂದು ಮಾತು ಆಡಲು ಅದಕ್ಕಿಂತ ಒಳ್ಳೆ ಜಾಗ ಬೇಕಿತ್ತೇ?

ಆ ಇಳಿಜಾರಿನ ಬುಡದಲ್ಲೇ ನಿಮ್ಮ ಖಬರಸ್ತಾನ. ದಿನಾ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಿನ್ನ ತಲೆಯ ಹತ್ತಿರವೇ ದಾಟುತ್ತೇನೆ. ಕೈಯಲ್ಲಿ ಬಲ ಇರುವತನಕ ದಾಟುತ್ತೇನೆ. ಇಂಜಿನ್ ಆರಿಸುವುದಿಲ್ಲ. ಸದ್ದು ಕೇಳಿದರೆ ತಿಳಿದುಕೋ, ನಿನ್ನ ಕಾಕಾ ಹೊರಟಿದ್ದಾನೆ, ಸಿಟ್ಟು ಇನ್ನೂ ಇಳಿದಿಲ್ಲ.

ಯಂಕಪ್ಪ
ಡ್ರೈವರ್