ಕನ್ನಡಿಗೆ ಸಿಕ್ಕ ಕಣ್ಣು

ಏಪ್ರಿಲ್ ೧೯, ಶನಿವಾರ. ಮೊಹಾವಿ ಮರುಭೂಮಿ

ಇವತ್ತೂ ಸೊನ್ನೆ. ಆಮೆ ಎಣಿಸಲು ನಾನೂ ನನ್ನ ಹಳೆಯ ಜೊತೆಗಾರ ವರ್ಲ್ ಕೂಡ ಒಂದೇ ಹಗ್ಗದ ಎರಡು ತುದಿ ಹಿಡಿದು ಬೆಳಗಿನಿಂದ ನೇರ ಗೆರೆಯಲ್ಲಿ ನಡೆದೆವು. ಸಿಕ್ಕಿದ್ದು ಕಾಡುಕಾಗೆಗಳು ಕುಕ್ಕಿ ತೂತು ಮಾಡಿದ ಮರಿಚಿಪ್ಪುಗಳು. ಈ ಅಭಯಾರಣ್ಯಕ್ಕೆ ಬೇಲಿ ಹಾಕಿಸಿದೆವು, ರಸ್ತೆ ಮುಚ್ಚಿಸಿದೆವು. ಕಾಗೆಗೆ ಬೇಲಿ ಯಾವ ಲೆಕ್ಕ?

ಮಧ್ಯಾಹ್ನ ಒಂದು ಬಿಲ ಕಂಡಿತು. ಬಾಯಿ ಅರ್ಧಚಂದ್ರದ ಹಾಗಿತ್ತು, ಆಮೆ ತೋಡಿದ್ದೇ. ವರ್ಲ್ ಮೊಣಕಾಲೂರಿ, ಜೇಬಿನ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಟ್ಟ.

"ಕಣ್ಣು ಕಾಣ್ತಿದೆ ಕಣೇ," ಎಂದು ಪಿಸುಗುಟ್ಟಿದ.

ನಾನು ಅಳತೆಪಟ್ಟಿ ಬಿಚ್ಚಿದೆ. ಅಷ್ಟರಲ್ಲಿ ಆ ಕಣ್ಣು ರೆಪ್ಪೆ ಬಡಿಯಿತು. ಹಳದಿ ಕಣ್ಣು, ಖಾಲಿ ಬಿಲಗಳಲ್ಲಿ ಮನೆ ಮಾಡುವ ಗೂಬೆಯದು.

"ಬಾಡಿಗೆಯವನು ಇದಾನೆ, ಮನೆ ಓನರ್ರೇ ಇಲ್ಲ," ಅಂದ. ಇಬ್ಬರಿಗೂ ನಗು ಬರಲಿಲ್ಲ.

"ಏಳು, ಇನ್ನೂ ನಡೆಯೋದಿದೆ."

"ಸ್ವಲ್ಪ ತಾಳೇ. ಅದರ ಹಿಂದೆ ಆಮೆ ಇದ್ರೂ ಇರಬಹುದು."

ಬಿಸಿಲು ಕನ್ನಡಿಯಿಂದ ಜಾರುವ ತನಕ ಹಾಗೇ ಹಿಡಿದಿದ್ದ.

ಕಾಣದ ಆಮೆಗಳಿಗೂ ನಮ್ಮಲ್ಲಿ ಲೆಕ್ಕವಿದೆ. ಪತ್ತೆಗಾಗಿ ಚಿಪ್ಪಿಗೆ ರೇಡಿಯೋ ಅಂಟಿಸಿದ ಆಮೆಗಳ ಹಿಂದೆ ಅಲೆಯುವ ಡಾರ್ಲಾ, ಐದರಲ್ಲಿ ಒಂದು ಮಾತ್ರ ಕಣ್ಣಿಗೆ ಬೀಳುವಂತಿದೆ ಎಂದು ಸಂಜೆ ತಿಳಿಸಿದಳು. ಅಂದರೆ ನಾವು ಒಂದು ಕಂಡರೆ ಐದು ಇವೆ ಎಂದು ಧೈರ್ಯವಾಗಿ ಹೇಳಬಹುದು. ಇಷ್ಟು ವರ್ಷ ನಾನು ಈ ಗುಣಾಕಾರವನ್ನು ನಂಬಿಯೇ ಬದುಕಿದೆ. ಆದರೆ ಅದಕ್ಕೂ ಮೊದಲು ಒಂದು ಬೇಕಲ್ಲ.

ವರ್ಲ್ ಡೇರೆಯ ಹೊರಗೆ ಕೂತು ಇನ್ನೂ ಕನ್ನಡಿ ಒರೆಸುತ್ತಿದ್ದಾನೆ. ಅದರಲ್ಲಿ ಧೂಳೇನೂ ಇಲ್ಲ.